ಹಾರುವ ಕರ್ಸರ್, ಅಮ್ಮನ ಹವಾಯಿ ಚಪ್ಪಲಿ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು ಮೊದಲ ತಿಂಗಳಲ್ಲೇ ಕಲಿಯುವ ಒಂದು ಮಾತಿದೆ. ಯಾರಾದರೂ ಬಂದು ‘ನೀನು ಬರೆದದ್ದು ಓಡ್ತಾ ಇಲ್ಲ’ ಅಂದರೆ, ‘ನನ್ನ ಮಷೀನಲ್ಲಿ ಓಡ್ತಿದೆಯಲ್ಲ’ ಅನ್ನೋದು. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು! ಎಂಟು ವರ್ಷದಿಂದ ನಾನೂ ಎಷ್ಟೋ ಜನಕ್ಕೆ ಹೀಗೆ ಹೇಳಿದ್ದೀನಿ. ಈ ಬೇಸಿಗೆಯಲ್ಲಿ ಅದನ್ನು ನಾನೇ ಕೇಳಿಸಿಕೊಳ್ಳಬೇಕಾಯ್ತು.

ಏಪ್ರಿಲ್‌ನಲ್ಲಿ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಮ್ಯಾನೇಜರ್ ಹತ್ತಿರ ಕೇಳಿಕೊಂಡು, ಒಂದು ತಿಂಗಳು ಊರಿಂದಲೇ ಕೆಲಸ ಮಾಡ್ತೀನಿ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ತಿಪಟೂರಿನ ರೈಲು ಹತ್ತಿದೆ. ಮೊದಲ ಎರಡು ದಿನ ಆಸ್ಪತ್ರೆ ಓಡಾಟದಲ್ಲೇ ಕಳೀತು. ಅಮ್ಮ ಅಪ್ಪನ ಜೊತೆಗೇ ಇದ್ದಳು, ನಾನು ಮನೆಗೂ ಆಸ್ಪತ್ರೆಗೂ ಮಧ್ಯೆ ಒಂದಿಷ್ಟು ಕೋಡ್ ಬರೆದೆ. ಏನೂ ತೊಂದರೆ ಇರಲಿಲ್ಲ. ಮೂರನೇ ದಿನ ಬೆಳಗ್ಗೆ, ಮಹಡಿ ಮೇಲಿನ ನನ್ನ ಹಳೇ ರೂಮಿನಲ್ಲಿ ಕೂತು ಕೆಲಸ ಶುರು ಮಾಡಿದೆ ನೋಡಿ, ಲ್ಯಾಪ್‌ಟಾಪಿಗೆ ಗ್ರಹಚಾರ ವಕ್ರಿಸಿತು.

ಮೊದಲು ಪರದೆ. ನಾನು ಕೋಡ್ ಬರೆಯೋದು ವಿಎಸ್ ಕೋಡ್ ಅನ್ನುವ ಎಡಿಟರ್‌ನಲ್ಲಿ. ಪುಟ ಮೇಲೆ ಕೆಳಗೆ ಸರಿಸಿದರೆ ಹಳೇ ಸಾಲುಗಳು ಹಾಗೇ ಅಂಟಿಕೊಂಡಿರುತ್ತವೆ, ಅದರ ಮೇಲೆ ಹೊಸ ಸಾಲು ಬಂದು ಕೂರುತ್ತೆ, ಅಲ್ಲಲ್ಲಿ ಕಪ್ಪು ಚೌಕಗಳು ಮಿನುಗಿ ಮಾಯ ಆಗುತ್ತವೆ. ಅದರ ಜೊತೆಗೆ ಟ್ರ್ಯಾಕ್‌ಪ್ಯಾಡ್. ಬೆರಳು ಇಟ್ಟ ಕಡೆ ಕರ್ಸರ್ ನಿಲ್ಲಲ್ಲ. ಒಂದು ಕಡೆ ಟೈಪ್ ಮಾಡ್ತಾ ಇದ್ದರೆ ಹತ್ತು ಸಾಲು ಕೆಳಗೆ ಹಾರಿ ಅಲ್ಲಿ ಅಕ್ಷರ ಬೀಳುತ್ತೆ. ತಾನೇ ಕ್ಲಿಕ್ ಆಗುತ್ತೆ. ಒಮ್ಮೆ ಹತ್ತು ಗಂಟೆಯ ಮೀಟಿಂಗ್‌ನಲ್ಲಿ ನನ್ನ ಪರದೆ ಎಲ್ಲರಿಗೂ ತೋರಿಸ್ತಾ ಇದ್ದಾಗ ಅರ್ಧ ಫೈಲು ತಾನೇ ಸೆಲೆಕ್ಟ್ ಆಯ್ತು, ನಾನು ಒತ್ತಿದ ಮುಂದಿನ ಅಕ್ಷರಕ್ಕೆ ಅಷ್ಟೂ ಅಳಿಸಿಹೋಯ್ತು. ವಾಪಸ್ ತಂದೆ ಅನ್ನಿ. ಆದರೆ ಆ ಕಡೆಯಿಂದ ನಮ್ಮ ಲೀಡ್ ತಣ್ಣಗೆ ಹೇಳಿದರು: ‘ಇಲ್ಲಿ ಎಲ್ಲರ ಮಷೀನಲ್ಲೂ ಸರಿಯಾಗೇ ಇದೆಯಲ್ಲ.’

ಆಮೇಲೆ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡ್ತೀನಿ. ಎರಡೂ ಒಂದೇ ದಿನ ಶುರುವಾದ್ದರಿಂದ ಎರಡಕ್ಕೂ ಒಂದೇ ಕಾರಣ ಅಂದುಕೊಂಡೆ. ಎಡಿಟರ್ ತೆಗೆದು ಮತ್ತೆ ಹಾಕಿದೆ. ನಲವತ್ತು ಎಕ್ಸ್‌ಟೆನ್ಶನ್ ಇದ್ದವು, ಅವುಗಳಲ್ಲಿ ಯಾವುದೋ ಒಂದು ಕೆಟ್ಟಿರಬೇಕು ಅಂತ ಹುಡುಕಿದೆ. (ವಿಎಸ್ ಕೋಡ್‌ನಲ್ಲಿ ಇದಕ್ಕೆ ಬೈಸೆಕ್ಟ್ ಅಂತ ಒಂದು ಸೌಲಭ್ಯ ಇದೆ. ಅರ್ಧ ಎಕ್ಸ್‌ಟೆನ್ಶನ್‌ಗಳನ್ನು ಆರಿಸಿ ‘ಈಗ ಸರಿ ಇದೆಯಾ?’ ಅಂತ ಕೇಳುತ್ತೆ, ಉಳಿದದ್ದರಲ್ಲಿ ಮತ್ತೆ ಅರ್ಧ. ನಲವತ್ತಾದರೂ ಐದಾರು ಸುತ್ತಿಗೆ ಮುಗಿಯುತ್ತೆ.) ಎಲ್ಲವೂ ನಿರಪರಾಧಿಗಳೇ. ಎರಡು ಸಂಜೆ ಹೀಗೇ ಹೋದವು. ಜ್ವರ, ಮಂಡಿನೋವು ಎರಡೂ ಒಂದೇ ದಿನ ಬಂದರೆ ಡಾಕ್ಟರ್ ಬೇರೆ ಬೇರೆಯಾಗಿ ನೋಡ್ತಾರೆ. ನನಗೆ ಅಷ್ಟು ಬುದ್ಧಿ ಹೊಳೆಯೋಕೆ ಮೂರನೇ ಸಂಜೆ ಆಯ್ತು.

ಪರದೆಯ ವಿಷಯ ಸುಲಭವಾಗಿ ಬಗೆಹರೀತು. ನಿಮ್ಮ ಮನೆಯ ಮಕ್ಕಳ ಲ್ಯಾಪ್‌ಟಾಪ್‌ಗೂ ಉಪಯೋಗ ಆದೀತು ಅಂತ ಬರೀತಿದ್ದೀನಿ. ಪರದೆ ಮೇಲೆ ಏನೋ ಕಲೆ, ಮಿನುಗು ಕಂಡಾಗ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಫೋನಿನಲ್ಲೂ ಆ ಕಲೆ ಕಂಡರೆ ಗಾಜು, ಒಳಗಿನ ಕೇಬಲ್ಲು ಚೆನ್ನಾಗಿದೆ, ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲೇ ಎಡವಟ್ಟು ಅಂತ ಬಹುಮಟ್ಟಿಗೆ ಹೇಳಬಹುದು. ಲ್ಯಾಪ್‌ಟಾಪಿನಲ್ಲಿ ಮಾತ್ರ ಕಂಡು ಫೋನಿನಲ್ಲಿ ಕಾಣದೇ ಹೋದರೆ ಗುಮಾನಿ ಪರದೆ, ಕೇಬಲ್ ಕಡೆಗೆ. ನನ್ನದರಲ್ಲಿ ಫೋನಿನಲ್ಲೂ ಕಂಡಿತು. ಎರಡನೇ ಪರೀಕ್ಷೆ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನೋಡೋದು. ಅದೂ ಮಿನುಗಿದರೆ ತೊಂದರೆ ಡಿಸ್‌ಪ್ಲೇ ಡ್ರೈವರ್‌ನದು, ಅದು ಸುಮ್ಮನಿದ್ದು ಒಂದು ಅಪ್ಲಿಕೇಶನ್ ಮಾತ್ರ ಮಿನುಗಿದರೆ ಆ ಅಪ್ಲಿಕೇಶನ್ನನ್ನೇ ವಿಚಾರಿಸಬೇಕು. ನನ್ನ ಟಾಸ್ಕ್ ಮ್ಯಾನೇಜರ್ ಕಲ್ಲಿನ ಹಾಗೆ ನಿಂತಿತ್ತು.

ವಿಎಸ್ ಕೋಡ್‌ನ ಒಳಗೆ ಇರೋದು ಕ್ರೋಮಿಯಂ, ಅಂದರೆ ಕ್ರೋಮ್ ಬ್ರೌಸರಿನ ಮೂಲ. ಪರದೆ ಮೇಲೆ ಅಕ್ಷರ ಮೂಡಿಸೋಕೆ ಅದು ಗ್ರಾಫಿಕ್ಸ್ ಚಿಪ್ಪಿನ ಸಹಾಯ ಪಡೆಯುತ್ತೆ. ಟರ್ಮಿನಲ್‌ನಲ್ಲಿ ‘ಡಿಸೇಬಲ್ ಜಿಪಿಯು’ ಅನ್ನುವ ಆಯ್ಕೆ ಕೊಟ್ಟು ಎಡಿಟರ್ ತೆರೆದರೆ ಆ ಸಹಾಯ ಇಲ್ಲದೇ ಓಡುತ್ತೆ. ಹಾಗೆ ತೆರೆದೆ, ಕಪ್ಪು ಚೌಕಗಳು ಮಂಗಮಾಯ. ಅಲ್ಲಿಗೆ ಎಡಿಟರ್‌ಗೂ ಗ್ರಾಫಿಕ್ಸ್ ಡ್ರೈವರ್‌ಗೂ ಹೊಂದಾಣಿಕೆ ಆಗ್ತಿಲ್ಲ ಅಂತ ಗೊತ್ತಾಯ್ತು. ಹಿಂದಿನ ರಾತ್ರಿಯಷ್ಟೇ ವಿಂಡೋಸ್ ತಾನಾಗಿ ಅಪ್‌ಡೇಟ್ ಆಗಿತ್ತು. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಸರಿಯಾದ ಡ್ರೈವರ್ ಇಳಿಸಿಕೊಂಡೆ, ಮುಗೀತು. ತಕ್ಷಣಕ್ಕೆ ಬೇಕಾದರೆ ಇನ್ನೊಂದು ಉಪಾಯ ಇದೆ: ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ‘ಬಿ’ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತೆ. ಪರದೆ ಒಂದು ಕ್ಷಣ ಕಪ್ಪಾಗುತ್ತೆ, ಗಾಬರಿ ಬೇಡ, ತೆರೆದಿಟ್ಟ ಕೆಲಸ ಹಾಗೇ ಇರುತ್ತೆ.

ಪರದೆ ಸರಿ ಹೋಯ್ತು. ಕರ್ಸರ್ ಮಾತ್ರ ಹಾರ್ತಾನೇ ಇತ್ತು.

ಎಡಿಟರ್ ಮುಚ್ಚಿದರೂ ಹಾರುತ್ತೆ, ಬ್ರೌಸರಿನಲ್ಲೂ ಹಾರುತ್ತೆ. ಅಪ್ಪನ ಹಳೇ ಮೌಸ್ ಹಾಕಿ ಟ್ರ್ಯಾಕ್‌ಪ್ಯಾಡ್ ಆರಿಸಿದರೆ ತೆಪ್ಪಗಿರುತ್ತೆ. ಟ್ರ್ಯಾಕ್‌ಪ್ಯಾಡ್ ಬೆರಳಿನ ಒತ್ತಡವನ್ನು ನೋಡಿ ಕರ್ಸರ್ ಸರಿಸೋದಲ್ಲ. ಅದರ ಮೇಲ್ಮೈ ಕೆಳಗೆ ಸಣ್ಣ ವಿದ್ಯುತ್ ಜಾಲ ಇದೆ. ನಮ್ಮ ಮೈ ವಿದ್ಯುತ್ ವಾಹಕ, ಬೆರಳು ಹತ್ತಿರ ಬಂದಾಗ ಆ ಜಾಲದ ಕೆಪಾಸಿಟೆನ್ಸ್ ಒಂದಿಷ್ಟು ಬದಲಾಗುತ್ತೆ. ಆ ಚೂರು ವ್ಯತ್ಯಾಸವನ್ನು ಅಳೆದು ಬೆರಳು ಎಲ್ಲಿದೆ ಅಂತ ಲೆಕ್ಕ ಹಾಕುತ್ತೆ. ಹಾಗಾಗಿಯೇ ಬೆವರು, ನೀರಿನ ಹನಿ ಬಿದ್ದರೆ ಅದಕ್ಕೆ ದಿಕ್ಕು ತಪ್ಪುತ್ತೆ. ಏಪ್ರಿಲ್ ಸೆಕೆ ಬೇರೆ. ಒಣ ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಯ್ತು.

ಇನ್ನೊಂದು ಭಯ ಇತ್ತು. ಒಳಗಿನ ಬ್ಯಾಟರಿ ಊದಿಕೊಂಡರೆ ಅದು ಟ್ರ್ಯಾಕ್‌ಪ್ಯಾಡನ್ನು ಕೆಳಗಿನಿಂದ ಎತ್ತುತ್ತೆ. ಆಗ ಕ್ಲಿಕ್ ಗಟ್ಟಿಯಾಗುತ್ತೆ, ಇಲ್ಲವೇ ತಾನೇ ಕ್ಲಿಕ್ ಆಗುತ್ತೆ, ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಮೇಲಿಟ್ಟರೆ ಸಮವಾಗಿ ಕೂರದೇ ಅಲ್ಲಾಡುತ್ತೆ. ನಿಮ್ಮದರಲ್ಲಿ ಹೀಗಿದ್ದರೆ ದಯವಿಟ್ಟು ಚಾರ್ಜಿಗೆ ಹಾಕೋದು ನಿಲ್ಲಿಸಿ, ಒತ್ತಿ ಸರಿ ಮಾಡೋಕೆ ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ನೇರ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ. ನನ್ನದು ಸಮವಾಗೇ ಕೂತಿತ್ತು.

ಆಮೇಲೆ ಗಮನಕ್ಕೆ ಬಂತು, ಚಾರ್ಜರ್ ಕಿತ್ತರೆ ಕರ್ಸರ್ ಹಾರಲ್ಲ! ಚಾರ್ಜರ್ ಹಾಳಾಗಿದೆ ಅಂತ ಹಿಗ್ಗಿದೆ. ಆದರೆ ಅದೇ ಚಾರ್ಜರ್ ಹಾಕಿ ಮಧ್ಯಾಹ್ನ ನಾಲ್ಕು ಗಂಟೆ ಕೂತು ಕೆಲಸ ಮಾಡಿದೆ, ಏನೂ ಆಗಲಿಲ್ಲ. ಒಮ್ಮೆ ಬಂದು ಒಮ್ಮೆ ಬಾರದ ಬಗ್‌ನಷ್ಟು ತಲೆ ತಿನ್ನೋದು ಬೇರೆ ಇಲ್ಲ. ಅಂಥದ್ದಕ್ಕೆ ನಮಗೆ ಗೊತ್ತಿರೋ ಮದ್ದು ಒಂದೇ, ಬರೆದಿಡೋದು. ಹಳೇ ನೋಟ್‌ಬುಕ್ಕಿನಲ್ಲಿ ಕರ್ಸರ್ ಹಾರಿದಾಗಲೆಲ್ಲ ದಿನ, ಗಂಟೆ ಬರೆಯೋಕೆ ಶುರು ಮಾಡಿದೆ. ಸೋಮವಾರ 9.35ರಿಂದ 10.20. ಮಂಗಳವಾರ 9.40ರಿಂದ 10.25. ಬುಧವಾರವೂ ಹೆಚ್ಚುಕಡಿಮೆ ಅದೇ. ಭಾನುವಾರ ಮಾತ್ರ ಹನ್ನೊಂದರ ಮೇಲೆ.

ಕಾಫಿ ಕೊಡೋಕೆ ಬಂದ ಅಮ್ಮ ಆ ಪುಟ ನೋಡಿದಳು.

‘ಏನೇ ಇದು, ನಾನು ಬಟ್ಟೆ ಹಾಕೋ ಟೈಮೆಲ್ಲ ಬರೆದಿಟ್ಟಿದ್ದೀಯ?’

‘ಯಾವ ಬಟ್ಟೆ?’

‘ಮಷೀನಿಗೆ ಕಣೇ. ತಿಂಡಿ ಆದಮೇಲೆ ತಾನೇ ಹಾಕೋದು? ಭಾನುವಾರ ಲೇಟು.’

ಮೊದಲ ಎರಡು ದಿನ ಯಾಕೆ ತೊಂದರೆ ಇರಲಿಲ್ಲ ಅಂತಲೂ ಆಗ ಹೊಳೆಯಿತು. ಅಮ್ಮ ಆಸ್ಪತ್ರೆಯಲ್ಲಿದ್ದಳು, ಬಟ್ಟೆ ಒಗೆದಿರಲಿಲ್ಲ. ಅವಳನ್ನು ಕೆಳಗೆ ಕಳಿಸಿ ಮಷೀನ್ ಹಾಕಿಸಿದೆ. ನೀರು ತುಂಬಿ ಮೋಟರ್ ತಿರುಗಿದ ಕೂಡಲೇ ಮಹಡಿ ಮೇಲೆ ನನ್ನ ಕರ್ಸರ್ ಕುಣೀತು. ‘ಆರಿಸಮ್ಮಾ’ ಅಂತ ಕೂಗಿದೆ, ನಿಂತಿತು. ಖುಷಿಯಿಂದ ಮೆಟ್ಟಿಲಿಳಿದು ಓಡಿದವಳಿಗೆ ಬಚ್ಚಲಮನೆ ಬಾಗಿಲಲ್ಲಿ ಅಮ್ಮ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತದ್ದು ಕಾಣಿಸ್ತು. ನಮ್ಮ ಮನೆಯೊಳಗೆ ಚಪ್ಪಲಿ ಹಾಕೋ ಪದ್ಧತಿಯೇ ಇಲ್ಲ.

‘ಇದೇನಮ್ಮ?’

‘ಅದು ಜುಮ್ ಅನ್ನುತ್ತಲ್ಲ, ಅದಕ್ಕೆ. ಚಪ್ಪಲಿ ಹಾಕ್ಕೊಂಡ್ರೆ ಅನ್ನಲ್ಲ.’

ಅವಳು ಇದನ್ನು ಹೊಸದಾಗಿ ಹೇಳ್ತಾ ಇರಲಿಲ್ಲ. ಒಂದು ವರ್ಷದಿಂದ ಹೇಳ್ತಾ ಇದ್ದಳು. ಫೋನಿನಲ್ಲಿ ನನಗೇ ಎರಡು ಮೂರು ಸಲ ಹೇಳಿದ್ದಳು, ‘ಒದ್ದೆ ಕೈಯಲ್ಲಿ ಮುಟ್ಟಬೇಡ’ ಅಂತ ಹೇಳಿ ಬೇರೆ ಮಾತಿಗೆ ಹೋಗಿದ್ದೆ. ಅಪ್ಪ ಮುಟ್ಟಿ ನೋಡಿ ‘ನನಗೇನೂ ಆಗ್ಲಿಲ್ಲಪ್ಪ’ ಅಂದಿದ್ದರಂತೆ. ಅಪ್ಪ ಬಚ್ಚಲಿಗೆ ಹೋಗೋದು ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿಕೊಂಡೇ! ಅಂದರೆ, ನನ್ನ ಮಷೀನಲ್ಲಿ ಸರಿಯಾಗಿದೆಯಲ್ಲ. ಇನ್ನೂ ನಾಚಿಕೆ ಅಂದರೆ, ಆ ಹತ್ತು ದಿನವೂ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಕೈ ಸವರಿದಾಗ ನನಗೂ ಸಣ್ಣಗೆ ಜುಮ್ ಅನ್ನುತ್ತಿತ್ತು. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದೇ ಅಂತ ಸುಮ್ಮನಿದ್ದೆ.

ಸಂಜೆಗೆ ಎಲೆಕ್ಟ್ರಿಷಿಯನ್ ಬಂದರು. ನಮ್ಮ ಬೀದಿಯ ಎಷ್ಟೋ ಮನೆಗೆ ವೈರಿಂಗ್ ಮಾಡಿದವರು. ಮಷೀನ್ ಓಡಿಸಿ, ಅದರ ಮೈಗೆ ಟೆಸ್ಟರ್ ಇಟ್ಟರು, ಹೊತ್ತಿಕೊಂಡಿತು. ಮೀಟರ್ ತೆಗೆದು ಸಾಕೆಟ್ಟಿನಲ್ಲಿ ಅಳೆದರು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಇರಬೇಕಾದ ಕಡೆ ನೂರು ದಾಟಿತ್ತು. ‘ನೋಡಮ್ಮ, ನಿಮ್ಮನೇಲಿ ಅರ್ಥಿಂಗೇ ಇಲ್ಲ’ ಅಂದರು. ‘ಎಲ್ಲಾ ಸಾಕೆಟ್ಟಿಗೂ ಮೂರು ತೂತಿದೆಯಲ್ಲಣ್ಣ’ ಅಂದೆ. ನಕ್ಕು ಹೊರಗೆ ಕರೆದುಕೊಂಡು ಹೋದರು. ಎರಡು ವರ್ಷದ ಹಿಂದೆ ಕಾರು ನಿಲ್ಲಿಸೋಕೆ ಅಂತ ಸಂಪಿನ ಪಕ್ಕ ಸಿಮೆಂಟ್ ಹಾಕಿಸಿದ್ದೆವು. ಅರ್ಥಿಂಗ್ ಗುಂಡಿ ಅದರ ಕೆಳಗೆ ಮುಚ್ಚಿಹೋಗಿತ್ತು. ಗೋಡೆಯಿಂದ ಇಳಿದು ಬರುವ ತಂತಿ ಬುಡದಲ್ಲಿ ತುಂಡಾಗಿ, ತುದಿ ತುಕ್ಕು ಹಿಡಿದು ನಿಂತಿತ್ತು.

ಪಿನ್ನುಗಳಲ್ಲಿ ದಪ್ಪಗೆ ಉದ್ದಕ್ಕೆ ಇರೋ ಮೂರನೆಯದೇ ಅರ್ಥ್. ಮನೆಯ ಎಲ್ಲಾ ಸಾಕೆಟ್ಟುಗಳ ಆ ತೂತುಗಳು ಗೋಡೆಯೊಳಗೆ ಒಂದಕ್ಕೊಂದು ಸೇರಿಕೊಂಡು ಕೊನೆಗೆ ನೆಲಕ್ಕೆ ಹೋಗುತ್ತವೆ. ಯಾವುದಾದರೂ ಉಪಕರಣದಲ್ಲಿ ಕರೆಂಟು ಸೋರಿ ಮೈಗೆ ಬಂದರೆ ಆ ದಾರಿಯಲ್ಲಿ ನೆಲ ಸೇರಲಿ ಅಂತ. ನೆಲಕ್ಕೆ ಹೋಗೋ ಕೊನೆಯೇ ಕಡಿದರೆ? ಮೋರಿ ಕಟ್ಟಿಕೊಂಡಾಗ ಬಚ್ಚಲಿಗೆ ಸುರಿದ ನೀರು ಅಡುಗೆಮನೆ ಸಿಂಕಿನಲ್ಲಿ ಉಕ್ಕುತ್ತಲ್ಲ, ಹಾಗೆ. ವಾಷಿಂಗ್ ಮಷೀನಿನ ಮೋಟರಿನಿಂದ ಸೋರಿದ ಕರೆಂಟು ಆ ತಂತಿ ಹಿಡಿದು ಮಹಡಿ ಹತ್ತಿ, ನನ್ನ ಚಾರ್ಜರಿನ ಮೂರನೇ ಪಿನ್ನಿನಿಂದ ಲ್ಯಾಪ್‌ಟಾಪಿನ ಮೈಗೆ ಬರ್ತಿತ್ತು. ಬೆರಳಿನ ಚೂರು ವ್ಯತ್ಯಾಸ ಅಳೆಯೋ ಟ್ರ್ಯಾಕ್‌ಪ್ಯಾಡಿಗೆ ಆ ಗದ್ದಲದಲ್ಲಿ ಬೆರಳು ಯಾವುದು ಅಂತಲೇ ತಿಳೀತಿರಲಿಲ್ಲ.

ಮಾರನೇ ದಿನ ಹೊಸ ಗುಂಡಿ ತೋಡಿ, ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಹೊಸ ತಂತಿ ಎಳೆದರು. ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹಾಕಿ ಅಂದರು. ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿದರು. ಹೋದ ಕರೆಂಟು ಪೂರ್ತಿ ವಾಪಸ್ ಬರದೇ ಎಲ್ಲೋ ಸೋರ್ತಿದೆ ಅಂತ ಗೊತ್ತಾದ ತಕ್ಷಣ ಅದು ಲೈನ್ ಕಡಿಯುತ್ತೆ. ಎಲ್ಲಾ ಮುಗಿಸಿ ಅಮ್ಮನಿಗೆ ಮಷೀನ್ ಹಾಕೋಕೆ ಹೇಳಿದರು. ಮೋಟರ್ ತಿರುಗಿತೋ ಇಲ್ಲವೋ, ಟಪ್ ಅಂತ ಇಡೀ ಮನೆಯ ಕರೆಂಟು ಹೋಯ್ತು. ‘ಇಷ್ಟು ದಿನ ಈ ಸೋರಿಕೆಗೆ ದಾರಿ ಇರ್ಲಿಲ್ಲ ತಾಯಿ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಯಾರು ಮುಟ್ಟಿದ್ರೆ ಅವರೇ ದಾರಿ’ ಅಂದರು ಅವರು. ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೇ ರಜೆಗೆ ಬರೋ ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷ. ಅವನಿಗೆ ಆ ಮಷೀನಿನ ಗಾಜಿನ ಮುಚ್ಚಳದೊಳಗೆ ಬಟ್ಟೆ ತಿರುಗೋದು ನೋಡೋದೇ ಆಟ.

ಟೆಸ್ಟರ್, ಬಲ್ಬು ಹಿಡಿದು ಇದನ್ನೆಲ್ಲ ನೀವೇ ಪರೀಕ್ಷೆ ಮಾಡೋಕೆ ಹೋಗಬೇಡಿ, ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನಮಗೆ ಆದ ಖರ್ಚು, ಟ್ರ್ಯಾಕ್‌ಪ್ಯಾಡ್ ಬದಲಿಸೋಕೆ ಸರ್ವೀಸ್ ಸೆಂಟರಿನವರು ಫೋನಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ. ವಾಷಿಂಗ್ ಮಷೀನಿನ ಮೋಟರ್ ರಿಪೇರಿ ಆಗಿ ಬಂತು. ಕರ್ಸರ್ ಈಗ ಹೇಳಿದ ಕಡೆ ಕೂರುತ್ತೆ.

ಅಮ್ಮ ಮಾತ್ರ ಬಚ್ಚಲ ಬಾಗಿಲಿನ ಹವಾಯಿ ಚಪ್ಪಲಿ ತೆಗೆದಿಲ್ಲ. ‘ಈಗ ಬೇಡಮ್ಮ, ಆ ಪೆಟ್ಟಿಗೆ ನೋಡ್ಕೊಳ್ಳುತ್ತೆ’ ಅಂದರೆ, ‘ನಿನ್ನ ಪೆಟ್ಟಿಗೆ ನೋಡ್ಕೊಳ್ಳಲಿ, ನನ್ನ ಕಾಲು ನಾನು ನೋಡ್ಕೊಳ್ತೀನಿ’ ಅಂತಾಳೆ. ಆರ್‌ಸಿಸಿಬಿಯಲ್ಲಿ ಒಂದು ಟೆಸ್ಟ್ ಬಟನ್ ಇರುತ್ತೆ, ಆಗಾಗ ಒತ್ತಿ ಅದು ಜೀವಂತ ಇದೆಯಾ ಅಂತ ನೋಡ್ತಿರಬೇಕು. ಆ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ, ಹೊಸ ಕಣ್ಣಿನಲ್ಲಿ ಬಟನ್ ಸ್ಪಷ್ಟವಾಗಿ ಕಾಣ್ತಿದೆ ಅಂತ ಒತ್ತಿಯೇಬಿಟ್ಟರು. ನಾನು ಹತ್ತು ಗಂಟೆಯ ಮೀಟಿಂಗ್‌ನಲ್ಲಿದ್ದೆ. ವೈಫೈ ಹೋಯ್ತು.