ಪುಟ್ಟಗೌರಿಯನ್ನು ಟ್ರೋಲ್ ಮಾಡಿದ್ದು ಸಾಕು

ಬೆಟ್ಟದಿಂದ ಬಿದ್ದ ಗೌರಿ ಸಾಯಲಿಲ್ಲ. ಕಲರ್ಸ್ ಕನ್ನಡದ ‘ಪುಟ್ಟಗೌರಿ ಮದುವೆ’ಯಲ್ಲಿ 2018ರಲ್ಲಿ ಆ ದೃಶ್ಯ ಬಂದಾಗ ಫೇಸ್‌ಬುಕ್, ವಾಟ್ಸಾಪ್ ತುಂಬ ಅದರದ್ದೇ ಗೇಲಿ. ದೃಶ್ಯ ಕೆಟ್ಟದಾಗಿತ್ತು, ಅದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಆ ಒಂದು ತುಣುಕು ನೋಡಿದವರು ಇಡೀ ಧಾರಾವಾಹಿಯನ್ನೇ ಕಸವೆಂದು ಎಸೆದರಲ್ಲ, ಅದು ಸರಿಯಲ್ಲ.

ಧಾರಾವಾಹಿ ಶುರುವಾದದ್ದು 2012ರ ಕೊನೆಯಲ್ಲಿ, ವಾಹಿನಿಗೆ ಇನ್ನೂ ಈಟಿವಿ ಕನ್ನಡ ಎಂಬ ಹೆಸರಿದ್ದಾಗ. ಕತೆಯ ಬೇರು 2008ರ ಹಿಂದಿ ‘ಬಾಲಿಕಾ ವಧು’ವಿನಲ್ಲಿದೆ. ಆಂಧ್ರದ ಸೋಮಂದೇಪಲ್ಲಿ, ಹಿಂದೂಪುರದಂಥ ಗಡಿ ಊರುಗಳಿಗೆ ಇದು ಎರಡು ಭಾಷೆಗಳಲ್ಲಿ ಬಂತು: ತೆಲುಗಿನಲ್ಲಿ ‘ಚಿನ್ನಾರಿ ಪೆಳ್ಳಿಕೂತುರು’ವಿನ ಆನಂದಿ, ಕನ್ನಡದಲ್ಲಿ ಗೌರಿ. ಆಡುವ ವಯಸ್ಸಿಗೆ ತಾಳಿ ಕಟ್ಟಿಸಿಕೊಂಡ ಹುಡುಗಿ ಅತ್ತೆಮನೆಯಲ್ಲೇ ಹದಿಹರೆಯಕ್ಕೆ ಬರುತ್ತಾಳೆ. ಓದಿದ ಗಂಡನ ಮನಸ್ಸು ಬೇರೊಬ್ಬಳ ಕಡೆ ಹೊರಳುತ್ತದೆ. ತಾನು ಆರಿಸಿಕೊಳ್ಳದ ಮದುವೆಗೆ ಅವಳು ಯಾಕೆ ಬೆಲೆ ತೆರಬೇಕು? ಊಟದ ಹೊತ್ತಿಗೆ ಮನೆಮಂದಿಯೆಲ್ಲ ಕೂತು ನೋಡುವ ಪೆಟ್ಟಿಗೆಯಲ್ಲಿ ಈ ಪ್ರಶ್ನೆ ಬಂದದ್ದು ಸಣ್ಣ ಸಂಗತಿಯಲ್ಲ.

ಹಾಗಾದರೆ ಕತೆ ಬೆಟ್ಟದ ತುದಿಗೆ ಹೋದದ್ದೇಕೆ? ವಾರದ ದಿನಗಳಲ್ಲೆಲ್ಲ ಅರ್ಧ ಗಂಟೆ ತುಂಬಬೇಕು, ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ. ಅಂಕ ಇರುವವರೆಗೆ ವಾಹಿನಿ ಕತೆಯನ್ನು ಮುಗಿಯಲು ಬಿಡುವುದಿಲ್ಲ. ವರ್ಷಗಟ್ಟಲೆ ಎಳೆದಾಗ ಮೂಲ ಪ್ರಶ್ನೆ ಬತ್ತಿ, ಅಪಹರಣ, ಸಂಚು, ಪವಾಡ ಆ ಜಾಗಕ್ಕೆ ಬರುತ್ತವೆ. ದಿನವಹಿ ಧಾರಾವಾಹಿಗಳ ಹಳೆಯ ರೋಗ ಇದು.

ಗೇಲಿಗಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಪುಟ್ಟ ಹುಡುಗಿಗೆ ರೇಷ್ಮೆ ಲಂಗ ಉಡಿಸಿ, ಹೂ ಮುಡಿಸಿ ಮದುಮಗಳನ್ನಾಗಿ ತೋರಿಸಿದರೆ ಬಾಲ್ಯವಿವಾಹವೇ ಮುದ್ದಾಗಿ ಕಾಣುವುದಿಲ್ಲವೇ? ಹಿಂದಿ ಮೂಲದ ಬಗ್ಗೆ ಸಂಸತ್ತಿನಲ್ಲೂ ದೂರು ಎದ್ದಿತ್ತು. ಈ ಮಾತಿನಲ್ಲಿ ಹುರುಳಿದೆ. ಸಹಿಸಿಕೊಳ್ಳುವ ಸೊಸೆಯೇ ದೊಡ್ಡವಳು ಎಂಬ ಧಾಟಿಯೂ ನನಗೆ ಹಿಡಿಸುವುದಿಲ್ಲ. ಆದರೂ ಗೌರಿಯ ಸಂಕಟ ನೋಡುತ್ತ ಬೆಳೆದ ಹುಡುಗಿಗೆ ‘ನನಗೆ ಈಗಲೇ ಮದುವೆ ಬೇಡ’ ಎನ್ನಲು ಒಂದು ಉದಾಹರಣೆಯಾದರೂ ಸಿಕ್ಕಿತು. ಅಧಿಕಾರಿಯ ಭಾಷಣ ಹೋಗಲಾರದ ನಡುಮನೆಗೆ ಧಾರಾವಾಹಿ ಹೋಗುತ್ತದೆ.

ಆ ಉದಾಹರಣೆ ಬೇಕಾಗಿತ್ತೇ ಎನ್ನುವವರು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಲಿ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 18 ತುಂಬುವ ಮುನ್ನವೇ ಮದುವೆಯಾದವರು ಕರ್ನಾಟಕದಲ್ಲಿ ಶೇ 21.3, ಆಂಧ್ರಪ್ರದೇಶದಲ್ಲಿ ಶೇ 29.3. ಗಡಿಯ ಎರಡೂ ಬದಿಯಲ್ಲಿ ಗೌರಿಯರು ಇನ್ನೂ ಇದ್ದಾರೆ.

ಧಾರಾವಾಹಿ ನೋಡಿದ ಮನೆಯವರು ಕಾನೂನನ್ನೂ ತಿಳಿದಿರಲಿ. ಕರ್ನಾಟಕ ತಂದ ತಿದ್ದುಪಡಿಯಂತೆ ಅಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಸೋಮಂದೇಪಲ್ಲಿಗೆ ಅನ್ವಯಿಸುವ 2006ರ ಕೇಂದ್ರ ಕಾಯ್ದೆಯಲ್ಲಿ ಹಾಗಿಲ್ಲ. ಹುಡುಗಿಯೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ರದ್ದು ಕೋರಬೇಕು, ಅದೂ 20 ವರ್ಷ ತುಂಬುವುದರೊಳಗೆ. ಮದುವೆ ತಡೆಯಬೇಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ನಿಮ್ಮ ಬೀದಿಯಲ್ಲಿ ಅಂಥ ಚಪ್ಪರ ಏಳುವುದು ಕಂಡರೆ ದಯವಿಟ್ಟು ಕರೆ ಮಾಡಿ.