ಸಂಖ್ಯೆಗಳ ಹಾರವೂ ನಮ್ಮ ನುಡಿಯೂ

152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. ಎಂಟು ಒಂದುಗಳು ಮಣಿಗಳಂತೆ ಸಾಲುಗೂಡುವ ಈ ಸೋಜಿಗವು ಇಂದಿನದಲ್ಲ. ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಲೆಕ್ಕವಾಗಿ ಕೊಟ್ಟು, ಇಂಥ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 139 × 109 = 15151 ಎಂಬುದೂ ಅಲ್ಲಿಯದೇ. ಆತನು ಸ್ತುತಿಸಿರುವ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಆದರೆ ಬೆರಗುಗೊಂಡು ಸುಮ್ಮನಾಗುವುದು ಗಣಿತವಲ್ಲ, ‘ಏಕೆ?’ ಎಂದು ಕೇಳಬೇಕು. 11111111 ಎಂದರೆ 1111 × 10001. ಈ 10001 ಎಂಬುದು 73 × 137ಕ್ಕೆ ಸಮ. 1111ನ್ನು 137ರಿಂದ ಗುಣಿಸಿದರೆ 152207. ಇಷ್ಟೇ ಗುಟ್ಟು! ಕಾರಣ ತಿಳಿದ ಮೇಲೆ ಸೋಜಿಗವು ಕುಂದುವುದಿಲ್ಲ, ಇಮ್ಮಡಿಸುತ್ತದೆ.

ಈ ಕಾರಣವನ್ನು ಕನ್ನಡದಲ್ಲಿ ಹೇಳಲು ಯಾವ ತೊಡಕೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಹಾವೀರನು ಬರೆದುದು ಸಂಸ್ಕೃತದಲ್ಲಿ. ಹನ್ನೆರಡನೆಯ ಶತಮಾನದ ರಾಜಾದಿತ್ಯನಾದರೋ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಹೀಗಿದ್ದರೂ ದೇವದುರ್ಗ, ಮಾನ್ವಿಗಳಲ್ಲಿ ಕನ್ನಡದಲ್ಲಿ ಓದಿ ರಾಯಚೂರಿನ ಕಾಲೇಜು ಸೇರುವ ಜಾಣ ವಿದ್ಯಾರ್ಥಿಯು ಇಂಗ್ಲಿಷಿನ ಅಳುಕಿನಿಂದ ಬಾಯಿ ಕಟ್ಟಿ ಕುಳಿತರೆ, ನಷ್ಟವು ಅವನೊಬ್ಬನದಲ್ಲ, ನಾಡಿನದು.

ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಮುಂದಿನ ಓದಿಗೆ ಅದು ಬೇಕು. ಪಾರಿಭಾಷಿಕ ಪದಗಳನ್ನು ಎರಡು ನುಡಿಗಳಲ್ಲಿಯೂ ಕಲಿಯತಕ್ಕದ್ದು. ಆದರೆ ತರ್ಕವು ಮೊದಲು ಮನಸ್ಸಿನ ಭಾಷೆಯಲ್ಲಿ ನೆಲೆಗೊಳ್ಳಲಿ. ಸಮೀಕರಣದ ಚಿಹ್ನೆಗಳು ಲೋಕಕ್ಕೆಲ್ಲ ಒಂದೇ. ಅವುಗಳ ನಡುವಣ ‘ಆದುದರಿಂದ’ ಎಂಬ ಮಾತು ನಮ್ಮದಾಗಿರಬಹುದು.

ಬರೆಯುವ ಉಪಕರಣಗಳಿಲ್ಲವೆಂಬ ನೆಪವೂ ಈಗ ಸಲ್ಲದು. ಗಣಿತವನ್ನು ಅಂದವಾಗಿ ಅಚ್ಚುಕಟ್ಟಲೆಂದೇ ಡೊನಾಲ್ಡ್ ನೂತ್ ಅವರು 1978ರಲ್ಲಿ ‘ಟೆಕ್’ ಎಂಬ ತಂತ್ರಾಂಶವನ್ನು ಹೊರತಂದರು. ಅದು ಉಚಿತವಾಗಿ ದೊರೆಯುತ್ತದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಇವೆರಡನ್ನೂ ಕೂಡಿಸುವ ‘ಝೀಟೆಕ್’ ಮುಂತಾದ ಸಾಧನಗಳೂ ಇವೆ. ಇನ್ನು ಬೇಕಾದುದು ಬರೆಯುವ ಕೈ. ಪ್ರತಿಯೊಂದು ಕಾಲೇಜಿನ ಗಣಿತ ಸಂಘವೂ ತಿಂಗಳಿಗೊಂದು ಸೋಜಿಗವನ್ನು ಸಾಧನೆಯೊಡನೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ ಎಂಬುದು ನಮ್ಮ ಸೂಚನೆ.

ಮೊದಲನೆಯದನ್ನು ಮಹಾವೀರನಿಂದಲೇ ಪಡೆಯೋಣ: 142857143 × 7 = 1000000001. ಇದು ಏಕೆ ಹೀಗೆ? 1001 = 7 × 143 ಎಂಬಲ್ಲಿಂದ ಹೊರಡಿ; ಉಳಿದ ದಾರಿಯನ್ನು ನೀವೇ ನಡೆಯಬಲ್ಲಿರಿ.