ಹಳ್ಳಿದಾರಿಯ ಫ್ರಾನ್ಸ್
ಫ್ರಾನ್ಸಿನ ಹಳ್ಳಿಗಾಡನ್ನು ನೀವೇ ಕಾರು ಓಡಿಸಿಕೊಂಡು ನೋಡಬೇಕೆಂದಿದ್ದರೆ, ನಕ್ಷೆಯಲ್ಲಿ ‘ಡಿ’ ಅಕ್ಷರದಿಂದ ಶುರುವಾಗುವ ಜಿಲ್ಲಾ ರಸ್ತೆಗಳನ್ನೇ ಹಿಡಿಯಿರಿ. 130 ಕಿ.ಮೀ. ವೇಗದ ಟೋಲ್ ಹೆದ್ದಾರಿಯಿಂದ ಹಳ್ಳಿಗಳು ಕಾಣುವುದಿಲ್ಲ. ದೋರ್ದೋನ್ ಸೀಮೆಯೊಂದಕ್ಕೇ ವಾರ ಕೊಡಿ: ಬುಧವಾರ, ಶನಿವಾರ ಸಾರ್ಲಾ ಪಟ್ಟಣದ ಸಂತೆ, ಹತ್ತಿರದ ಮೊಂಟಿನ್ಯಾಕ್‌ನಲ್ಲಿ, 1940ರಲ್ಲಿ ಹುಡುಗರ ಕಣ್ಣಿಗೆ ಬಿದ್ದ ಲಾಸ್ಕೋ ಗುಹಾಚಿತ್ರಗಳ ಪ್ರತಿಕೃತಿ. ರಸ್ತೆಯ ಬಲಬದಿಯಲ್ಲಿ ಓಡಿಸುವುದು ಬೇಗ ರೂಢಿಯಾಗುತ್ತದೆ. ಆದರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲು ದಾರಿ ಬಿಡಬೇಕೆಂಬುದು ಸದಾ ನೆನಪಿರಲಿ. ಮಧ್ಯಾಹ್ನ ಹಳ್ಳಿಯ ಹಲವು ಅಂಗಡಿಗಳು ಬಾಗಿಲು ಹಾಕುತ್ತವೆ. ಬ್ರೆಡ್ಡು, ಚೀಸು, ಹಣ್ಣು ಬೆಳಗ್ಗೆಯೇ ಕೊಂಡಿಟ್ಟುಕೊಳ್ಳಿ. ದಿನಕ್ಕೆ ನೂರು ಕಿಲೋಮೀಟರ್ ಧಾರಾಳವಾಯಿತು. ಉಳಿದ ಹೊತ್ತು ನದಿದಂಡೆಯ ಅಕ್ರೋಟ ತೋಪಿನ ಬಳಿ ಕಾರು ನಿಲ್ಲಿಸಿ, ಬುತ್ತಿ ಬಿಚ್ಚಿ ಸುಮ್ಮನೆ ಕೂತುಬಿಡಿ.